ಹೀರೋಸ್ 3: ಎರಡನೇ ವಾರಕ್ಕೇ ಕಂಪ್ಯೂಟರ್ ಬಾಗಿಲಿಗೆ ಬರುತ್ತದೆ, ನನ್ನ ಸೈನ್ಯ ಯಾಕೆ ಬೆಳೆಯುತ್ತಿಲ್ಲ?

ಕೋಥ್ರೂಡ್_ಪಾಟೀಲ:
ತಲೆ ಕೆಟ್ಟುಹೋಗಿದೆ. ಊರು ಕಟ್ಟಿ, ಸೈನ್ಯ ಬೆಳೆಸಿ ಕಾದಾಡುವ ಕಂಪ್ಯೂಟರ್ ಆಟ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಆಡುತ್ತಿದ್ದೇನೆ. ಎರಡನೇ ವಾರ ಮುಗಿಯುವುದರೊಳಗೆ ಕೆಂಪು ಬಾವುಟದವನು ದಂಡು ಕಟ್ಟಿಕೊಂಡು ನನ್ನ ಊರಿಗೆ ಬರುತ್ತಾನೆ, ನನ್ನ ಹತ್ತಿರ ನೋಡಿದರೆ ಒಂದಿಷ್ಟು ಈಟಿಯವರು, ಒಂದಿಷ್ಟು ಬಿಲ್ಲಿನವರು, ಅಷ್ಟೇ. ದಿನಾ ಒಂದು ಕಟ್ಟಡ ಕಟ್ಟುತ್ತಲೇ ಇದ್ದೇನೆ. ಸೈನ್ಯ ಬೇಗ ದೊಡ್ಡದು ಮಾಡುವುದು ಹೇಗೆ? ಸುಮ್ನೆ "ಇನ್ನೂ ಆಡು, ಬರುತ್ತೆ" ಅನ್ನಬೇಡಿ.

ಮಾಟುಂಗಾ_ಭಟ್ರು:
ಊರಿನಲ್ಲಿ ಕ್ಯಾಪಿಟಲ್ ಅನ್ನುವ ಕಟ್ಟಡ ಕಟ್ಟಿ ಮಾರಾಯ್ರೆ. ದಿನಕ್ಕೆ 4000 ಚಿನ್ನ. ದುಡ್ಡಿದ್ದರೆ ಸೈನ್ಯ ತಾನಾಗಿ ಬರುತ್ತದೆ. ಆಟ ಬಂದದ್ದು 1999ರಲ್ಲಿ, ಅವತ್ತಿನಿಂದ ನಾನು ಆಡುವುದು ಹೀಗೆಯೇ.

ವಾಸ್ಕೋ_ಬಸು:
ಭಟ್ರೇ, ದುಡ್ಡು ಎಷ್ಟಿದ್ದರೇನು, ಕೊಳ್ಳಲು ಜನ ಬೇಕಲ್ರೀ. ಹೊಸಬರು ಬರುವುದು ವಾರದ ಮೊದಲ ದಿನ ಮಾತ್ರ. ವಾರಕ್ಕೆ ಪೈಕ್‌ಮನ್ (ನಿಮ್ಮ ಈಟಿಯವರು) 14, ಆರ್ಚರ್ (ಬಿಲ್ಲಿನವರು) 9, ಗ್ರಿಫಿನ್ (ರೆಕ್ಕೆಯ ಪ್ರಾಣಿ) 7. ಊರ ಕೋಟೆಯನ್ನು ಸಿಟಡೆಲ್ ಮಟ್ಟಕ್ಕೆ ಏರಿಸಿದ್ದರೆ ಅದರ ಅರ್ಧ ಜಾಸ್ತಿ, ಅದರ ಮೇಲೆ ಕ್ಯಾಸಲ್ ಕಟ್ಟಡ ಎಬ್ಬಿಸಿದರೆ ಡಬಲ್, ಅಂದರೆ 14 ಇದ್ದದ್ದು 28. ಏಳನೇ ದಿನದೊಳಗೆ ಎಬ್ಬಿಸಬೇಕು. ಒಂದು ದಿನ ತಪ್ಪಿದರೆ ಪೂರ್ತಿ ವಾರ ಕಾಯಬೇಕು.

ಮಾಟುಂಗಾ_ಭಟ್ರು:
ಅದೆಲ್ಲ ಆಮೇಲೆ. ಮೊದಲು ಕ್ಯಾಪಿಟಲ್.

ವಾಸ್ಕೋ_ಬಸು:
ಕ್ಯಾಸಲ್ ಇಲ್ಲದೆ ಕ್ಯಾಪಿಟಲ್ ಕಟ್ಟಲು ಆಟವೇ ಬಿಡುವುದಿಲ್ಲ. ಮೇಲಿಂದ 10,000 ಚಿನ್ನ. ಮೊದಲ ವಾರಕ್ಕೆ ಆ ಮಾತೇ ಬೇಡ.

ಹಿಂಜೆವಾಡಿ_ನೆಕ್ರೋ:
ಇಷ್ಟೆಲ್ಲ ಯಾಕೆ? ಸತ್ತವರ ಪಟ್ಟಣ ನೆಕ್ರೋಪೊಲಿಸ್ ತಗೊಳ್ಳಿ. ಗೆದ್ದ ಪ್ರತಿ ಯುದ್ಧದಲ್ಲೂ ಸತ್ತವರು ಅಸ್ಥಿಪಂಜರಗಳಾಗಿ ಎದ್ದು ನಿಮ್ಮ ಹಿಂದೆ ಬರುತ್ತಾರೆ. ಆ ವಿದ್ಯೆಯ ಬೇಸಿಕ್ ಮಟ್ಟದಲ್ಲಿ ನೂರಕ್ಕೆ 10, ಎಕ್ಸ್‌ಪರ್ಟ್‌ನಲ್ಲಿ 30. ನಾನು ಬೇರೆ ಪಟ್ಟಣ ಮುಟ್ಟುವುದೇ ಇಲ್ಲ.

ಕೋಥ್ರೂಡ್_ಪಾಟೀಲ:
ನನಗೆ ಕ್ಯಾಸಲ್ ಅನ್ನುವ ಹೆಸರಿನ ಪಟ್ಟಣವೇ ಬೇಕು, ನೆಕ್ರೋ ಬೇಡ ಅಣ್ಣಾ. ಬಸು ಅವರೇ, ಸಿಟಡೆಲ್, ಕ್ಯಾಸಲ್ ಕಟ್ಟಡಕ್ಕೂ ಮೊದಲು ಬೇಕಾದ ಫೋರ್ಟ್‌ಗೇ 5000 ಚಿನ್ನ, 20 ಮರ, 20 ಅದಿರು ಕೇಳುತ್ತದೆ. ಅತಿ ಕಷ್ಟದ ಮಟ್ಟ ಇಂಪಾಸಿಬಲ್‌ನಲ್ಲಿ ಶುರುವಿಗೆ ಕೈಯಲ್ಲಿ ಏನೂ ಇರುವುದಿಲ್ಲ, ಎಲ್ಲಿಂದ ತರಲಿ?

ವಾಸ್ಕೋ_ಬಸು:
ಯಪ್ಪಾ, ಇಂಪಾಸಿಬಲ್ ಆಡುತ್ತಿದ್ದೀರಾ! ಅದನ್ನು ಮೊದಲೇ ಹೇಳಬೇಕಲ್ರೀ. ನಾರ್ಮಲ್‌ನಲ್ಲಿ 20,000 ಚಿನ್ನದಿಂದ ಶುರು, ನಿಮ್ಮದು ಸೊನ್ನೆ. ಲೆಕ್ಕವೇ ಬೇರೆ. ಹಾಗಿದ್ದರೆ ಮೊದಲ ವಾರಕ್ಕೆ ಕ್ಯಾಸಲ್ ಆಸೆ ಬಿಡಿ, ಎರಡನೇ ವಾರದ ಕೊನೆಗೆ ಇಟ್ಟುಕೊಳ್ಳಿ. ನಕ್ಷೆಯಲ್ಲಿ ಪೆಟ್ಟಿಗೆ ಸಿಕ್ಕಾಗೆಲ್ಲ ಚಿನ್ನ ಬೇಕೋ ಹೀರೋಗೆ ಅನುಭವ ಬೇಕೋ ಅಂತ ಕೇಳುತ್ತದೆ, ಚಿನ್ನವನ್ನೇ ತಗೊಳ್ಳಿ. ಒಂದರಲ್ಲಿ 1000ದಿಂದ 2000 ಇರುತ್ತದೆ. 2500 ಆದ ತಕ್ಷಣ ಊರಿನ ಟ್ಯಾವರ್ನ್‌ನಲ್ಲಿ (ಹೆಂಡದ ಅಂಗಡಿ) ಎರಡನೇ ಹೀರೋ, ಅಂದರೆ ಸೈನ್ಯ ನಡೆಸುವ ನಾಯಕ. ಅವನು ಬರುವಾಗಲೇ ನಾಲ್ಕು ಜನ ಕರೆತರುತ್ತಾನೆ, ಅವರನ್ನೆಲ್ಲ ದೊಡ್ಡ ಹೀರೋಗೆ ಕೊಟ್ಟು ಅವನನ್ನು ಬರೀ ಪೆಟ್ಟಿಗೆ, ಮರ, ಅದಿರು ಆಯಲು ಓಡಿಸಿ. ಊರ ಹೊರಗೆ ಗಾರ್ಡ್‌ಹೌಸ್ ಕಂಡರೆ ಬಿಡಬೇಡಿ, ಅಲ್ಲಿ ಪೈಕ್‌ಮನ್‌ಗಳು ಪುಕ್ಕಟೆ. ಮತ್ತೆ ಒಂದು, ಊರಲ್ಲಿ ಕೊಳ್ಳದೆ ಉಳಿದವರು ಎಲ್ಲೂ ಹೋಗುವುದಿಲ್ಲ, ಮುಂದಿನ ವಾರದವರ ಜೊತೆ ಸೇರುತ್ತಾರೆ. ದುಡ್ಡು ಸಾಲದಿದ್ದರೆ ಗಾಬರಿಯಾಗಿ ಕಟ್ಟಡ ನಿಲ್ಲಿಸಬೇಡಿ.

ಹಿಂಜೆವಾಡಿ_ನೆಕ್ರೋ:
ಇಂಪಾಸಿಬಲ್ ಅಂದರೆ ನೆಕ್ರೋನೇ ಸರಿ ಅಂತ ಈಗಲೂ ಹೇಳುತ್ತೇನೆ.

ಡೊಂಬಿವಲಿ_ಶೆಟ್ಟಿ:
ಯಾವ ಮಾನಿಟರ್‌ನಲ್ಲಿ ಆಡುತ್ತೀರಿ ಎಲ್ಲರೂ? ಈ ಆಟ ಮಾಡಿದ್ದೇ 800x600ಕ್ಕೆ. ನಾನು ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ 17 ಇಂಚಿನ ಹಳೇ ಡಬ್ಬಾ ಮಾನಿಟರ್ ತಂದಿದ್ದೇನೆ, ಮೇಲೆ ವಿಂಡೋಸ್ 98. ಬಣ್ಣ ನೋಡಬೇಕು ನೀವು.

ಮಾಟುಂಗಾ_ಭಟ್ರು:
ಅಭಿಮಾನಿಗಳು ಮಾಡಿದ ಎಚ್‌ಡಿ ಮಾಡ್ ಅನ್ನುವ ತಿದ್ದುಪಡಿ ಹಾಕಿದರೆ ಹೊಸ ಸ್ಕ್ರೀನಿನಲ್ಲಿ ನಕ್ಷೆ ಜಾಸ್ತಿ ಕಾಣುತ್ತದೆ ಶೆಟ್ರೇ.

ಡೊಂಬಿವಲಿ_ಶೆಟ್ಟಿ:
ಜಾಸ್ತಿ ಕಂಡು ಏನು ಪ್ರಯೋಜನ, ಅಕ್ಷರ ಇರುವೆ ಹಾಗೆ ಆಗುತ್ತದೆ. ಒಮ್ಮೆ ಮನೆಗೆ ಬನ್ನಿ ಭಟ್ರೇ, ತೋರಿಸುತ್ತೇನೆ.

ಕೋಥ್ರೂಡ್_ಪಾಟೀಲ:
ಬಸು ಅವರೇ, ಪೆಟ್ಟಿಗೆ ಚಿನ್ನದಿಂದ ಎರಡನೇ ಹೀರೋ ಆಯಿತು. ಮರದ ಗಿರಣಿ ಸಿಕ್ಕಿದೆ, ದಿನಕ್ಕೆ 2 ಬರುತ್ತಿದೆ. ಅದಿರಿನ ಗಣಿಯ ಮುಂದೆ ಮಾತ್ರ ಓಗ್ರೆ ಅನ್ನುವ ದೈತ್ಯರು ಕೂತಿದ್ದಾರೆ. ಬರೀ ಆರ್ಚರ್‌ಗಳಿಂದ ಹೊಡೆಯಬಹುದಾ, ಗ್ರಿಫಿನ್ ಬರುವವರೆಗೆ ಕಾಯಲಾ?

ಮಾಟುಂಗಾ_ಭಟ್ರು:
ಶೆಟ್ರೇ, ಭಾನುವಾರ ಬರುತ್ತೇನೆ. ಸೌಂಡ್ ಕಾರ್ಡ್ ಯಾವುದು?