ಅಪ್‌ಡೇಟ್: ಬಿರುಕು ಬಿಟ್ಟ ಕಾಂಕ್ರೀಟ್ ಕಥೆ ಎಲ್ಲಿಗೆ ಬಂತು
ಮನೆ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಕಾಂಕ್ರೀಟ್ ಹಾಕಿಸಿ ಎರಡೇ ವಾರಕ್ಕೆ ಬಿರುಕು ಬಿಟ್ಟಿದೆ, ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದಂತೆ ಬೇರೆ ಇಂಜಿನಿಯರ್ ಒಬ್ಬರನ್ನು ಕರೆಸಿದೆ. ಅವರು ನೋಡಿದ ತಕ್ಷಣ ಕೇಳಿದ್ದು, ಜಾಯಿಂಟ್ (ಬಿರುಕು ಬೀಳಲೆಂದೇ ನೆಲದಲ್ಲಿ ಕೊಯ್ಯುವ ಗೆರೆ) ಎಲ್ಲಿ ಅಂತ. ಇಲ್ಲವೇ ಇಲ್ಲ! 10 ಸೆಂ.ಮೀ. ದಪ್ಪದ ನೆಲಕ್ಕೆ ಸುಮಾರು ಮೂರು ಮೀಟರಿಗೊಂದು ಗೆರೆ, ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕೊಯ್ಯಬೇಕಂತೆ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಗೆರೆ ಇದ್ದರೆ ಬಿರುಕು ಅದರೊಳಗೇ ಬೀಳುತ್ತದೆ, ಇಲ್ಲದಿದ್ದರೆ ತನಗೆ ಬೇಕಾದ ಕಡೆ. ಸಾಲದ್ದಕ್ಕೆ ಕೆಲಸದ ಹುಡುಗರು ಹರಡಲು ಸುಲಭ ಆಗಲಿ ಅಂತ ಹಸಿ ಕಾಂಕ್ರೀಟ್‌ಗೆ ಪೈಪ್ ಹಿಡಿದು ನೀರು ಸುರಿದಿದ್ದರು. ನಾನು ಪಕ್ಕದಲ್ಲೇ ನಿಂತು ಸುಮ್ನೆ ನೋಡಿದ್ದೆ. ನೀರು ಜಾಸ್ತಿಯಾದಷ್ಟೂ ಗಟ್ಟಿತನ ಕಡಿಮೆ ಅಂತ ಈಗ ಗೊತ್ತಾಯಿತು. ಹಾಕಿದ ಮೇಲಿನ ಕ್ಯೂರಿಂಗ್ (ಗಟ್ಟಿಯಾದ ನೆಲವನ್ನು ಒದ್ದೆಯಾಗಿಡುವುದು) ಕೂಡ ಎರಡೇ ದಿನ, ಕಡಿಮೆ ಅಂದರೂ ಏಳು ದಿನ ಒದ್ದೆಯಾಗಿಡಬೇಕಿತ್ತು.

ಇದೆಲ್ಲ ಬರೆದು, ಫೋಟೋ ಸೇರಿಸಿ, ಕಂಟ್ರಾಕ್ಟರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ ಮೇಲೆ ಆಸಾಮಿ ಪ್ರತ್ಯಕ್ಷ. ಮೊದಲು 'ಎಲ್ಲ ಕಾಂಕ್ರೀಟೂ ಬಿರುಕು ಬಿಡುತ್ತೆ ಸರ್' ಅಂದ. ಅರ್ಧ ನಿಜವೇ, ಅದಕ್ಕೇ ಕೋಪ ಜಾಸ್ತಿ ಬಂತು. ಕೊನೆಗೆ ಬಿರುಕಿನ ಜೊತೆಗೆ ನೀರೂ ನಿಲ್ಲುವ ಅರ್ಧ ಭಾಗ ಒಡೆದು ಹೊಸದಾಗಿ ಹಾಕಲು ಒಪ್ಪಿದ್ದಾನೆ. ಈ ಸಲ ದಪ್ಪ, ಇಳಿಜಾರು, ಜಾಯಿಂಟ್, ಕ್ಯೂರಿಂಗ್ ಎಲ್ಲ ಬರೆಸಿ ಸಹಿ ಹಾಕಿಸಿಕೊಂಡೆ. ಬಾಕಿ ಹಣ ಇನ್ನೂ ನನ್ನ ಹತ್ತಿರವೇ ಇದೆ, ಕೆಲಸ ಮುಗಿದು 28 ದಿನ ಆದ ಮೇಲೆ ಕೊಡುತ್ತೇನೆ ಅಂದಿದ್ದೇನೆ. ಸೋಮವಾರ ಒಡೆಯಲು ಬರುತ್ತಾರಂತೆ.