ಹಾರ್ಡ್‌ವೇರ್ ರ‍್ಯಾಮ್ ಡಿಸ್ಕ್ ತಗೊಳ್ಳೋದಾ, ಬೇಡ್ವಾ? ಬಳಸಿದವರು ಹೇಳಿ

ಬಿಲ್ಡ್ ಬಳಲಿಕೆ:
ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟ್ ಒಂದನ್ನು ದಿನಕ್ಕೆ ಹತ್ತಾರು ಸಲ ಕಂಪೈಲ್ ಮಾಡುತ್ತೇನೆ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವುದು). ಸಾವಿರಾರು ಚಿಕ್ಕ ಚಿಕ್ಕ ಫೈಲುಗಳು. ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡುವ ಫುಲ್ ಬಿಲ್ಡ್‌ಗೆ 11 ನಿಮಿಷ ಹಿಡಿಯುತ್ತದೆ. ಇರುವುದು ಸಾಟಾ ಕೇಬಲ್‌ನ ಎಸ್‌ಎಸ್‌ಡಿ, 32 ಜಿಬಿ ರ‍್ಯಾಮ್, ಎಂಟು ಕೋರ್, ಲಿನಕ್ಸ್. ರ‍್ಯಾಮ್ ಸ್ಟಿಕ್‌ಗಳನ್ನೇ ಹಾಕಿ ಡಿಸ್ಕ್ ಥರ ಬಳಸುವ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕಣ್ಣಿಗೆ ಬಿತ್ತು. ಎಸ್‌ಎಸ್‌ಡಿ ಹಾಗೆ ಬರೆದೂ ಬರೆದೂ ಸವೆಯುವುದಿಲ್ಲ ಅಲ್ವಾ, ಅದೂ ಒಂದು ಆಸೆ. ಯಾರಾದರೂ ಬಳಸಿದ್ದೀರಾ? ಯಾವುದನ್ನು ನೋಡಲಿ?

ಹಳೇ ಕೀಬೋರ್ಡ್:
ಯಾವ ಕಾರ್ಡ್ ಅಂತ ಹೇಳಿಲ್ಲ ನೀವು. ಗಿಗಾಬೈಟ್ ಐ-ರ‍್ಯಾಮ್ ಆಗಿದ್ದರೆ ಅದು 2005ರದ್ದು. ನಾಲ್ಕು ಡಿಡಿಆರ್ ಸ್ಲಾಟ್, ಒಟ್ಟು 4 ಜಿಬಿ, ಮುಗೀತು. ಪಿಸಿಐ ಸ್ಲಾಟ್‌ನಲ್ಲಿ ಕೂರುತ್ತದೆ, ಆದರೆ ಅಲ್ಲಿಂದ ತಗೊಳ್ಳುವುದು ಕರೆಂಟ್ ಮಾತ್ರ. ಡೇಟಾ ಓಡಾಡುವುದು ಸಾಟಾ ಕೇಬಲ್‌ನಲ್ಲಿ. ಅದೂ ಮೊದಲ ತಲೆಮಾರಿನ ಸಾಟಾ, ಸೆಕೆಂಡಿಗೆ 150 ಎಂಬಿ. ಒಳಗಿನ ರ‍್ಯಾಮ್ ಎಷ್ಟೇ ಫಾಸ್ಟ್ ಇರಲಿ, ಬಾಗಿಲು ಅಷ್ಟೇ ಅಗಲ. ದೊಡ್ಡ ಫೈಲ್ ಓದುವಾಗ ನಿಮ್ಮ ಈಗಿನ ಎಸ್‌ಎಸ್‌ಡಿಯೇ 500 ದಾಟುತ್ತದೆ.

ಏಕಾರ್ಡ್ ಎಎನ್‌ಎಸ್-9010 ಅದಕ್ಕಿಂತ ವಾಸಿ. ಡಿಡಿಆರ್2, ಎಂಟು ಸ್ಲಾಟ್, ಎರಡು ಸಾಟಾ ಪೋರ್ಟ್, ಡೇಟಾ ಉಳಿಸಿಕೊಳ್ಳಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕುವ ಜಾಗ. ಅದು ಕೂರುವುದು ಡಿವಿಡಿ ಡ್ರೈವ್ ಜಾಗದಲ್ಲಿ. ಈಗಿನ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಆ ಜಾಗವೇ ಇಲ್ಲ.

ಇವೆಲ್ಲ ಹಾರ್ಡ್ ಡಿಸ್ಕ್ ಕಾಲದವು. ತಿರುಗುವ ತಟ್ಟೆಯ ಎದುರು ರಾಜ. 32 ಬಿಟ್ ವಿಂಡೋಸ್‌ಗೆ ಪೂರ್ತಿ 4 ಜಿಬಿ ರ‍್ಯಾಮ್ ಕೂಡ ಕಾಣುತ್ತಿರಲಿಲ್ಲ, ಹಾಗಾಗಿ ಜಾಸ್ತಿ ರ‍್ಯಾಮನ್ನು ಹೊರಗೆ ಡಿಸ್ಕ್ ಮಾಡಿ ಇಡುವುದಕ್ಕೆ ಅರ್ಥ ಇತ್ತು.

ಯುಪಿಎಸ್ ಭಕ್ತ:
ನನ್ನ ಹತ್ತಿರ ಅಂಥದ್ದೊಂದು ಕಾರ್ಡ್ ಇತ್ತು, ಹೆಸರು ಬೇಡ. ಕರೆಂಟ್ ನಿಂತರೆ ರ‍್ಯಾಮ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಕಾರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟ್ ಸಿಗುತ್ತಿತ್ತು. ಒಂದು ಸಲ ಪ್ರವಾಸ ಹೊರಡುವಾಗ ಅಭ್ಯಾಸದಂತೆ ಆ ಸ್ವಿಚ್ಚನ್ನೂ ಆರಿಸಿಬಿಟ್ಟೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಪ್ಪು ಪಟ್ಟಿ, ಪಕ್ಕದಲ್ಲಿ ‘ನಾಟ್ ಇನಿಶಿಯಲೈಸ್ಡ್’. ಫೈಲ್ ಬಿಡಿ, ಪಾರ್ಟಿಷನ್ನೇ ಇಲ್ಲ. ತಪ್ಪು ನನ್ನದೇ. ಸೆಕೆಂಡ್ ಹ್ಯಾಂಡ್ ಕಾರ್ಡಿನ ಜೊತೆ ಬರುವ ಬ್ಯಾಟರಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಸುಮ್ನೆ ಅಳೆಯುವವ:
ದುಡ್ಡು ಹಾಕುವ ಮುಂಚೆ ಒಂದು ಸಂಜೆ ಹಾಕಿ. ಇರುವ ರ‍್ಯಾಮ್‌ನಲ್ಲೇ 12 ಜಿಬಿಯ ಟಿಎಂಪಿಎಫ್‌ಎಸ್, ಅಂದರೆ ಲಿನಕ್ಸ್‌ನಲ್ಲೇ ಇರುವ ಸಾಫ್ಟ್‌ವೇರ್ ರ‍್ಯಾಮ್ ಡಿಸ್ಕ್, ಮಾಡಿ (ವಿಂಡೋಸ್‌ನವರಿಗೆ ಇಮ್‌ಡಿಸ್ಕ್ ಇದೆ). ಸೋರ್ಸ್, ಕಂಪೈಲ್ ಆಗಿ ಬರುವ ಆಬ್ಜೆಕ್ಟ್ ಫೈಲ್ ಎಲ್ಲ ಅಲ್ಲಿಗೆ ಹಾಕಿ ಬಿಲ್ಡ್ ಮಾಡಿ. ನಡುವೆ ಕೇಬಲ್ಲೂ ಇಲ್ಲ, ಕಂಟ್ರೋಲರ್ರೂ ಇಲ್ಲ. ಡಿಡಿಆರ್4-3200 ಆದರೆ ಒಂದು ಚಾನೆಲ್‌ಗೇ ಸೆಕೆಂಡಿಗೆ 25.6 ಜಿಬಿ. ಇಲ್ಲಿ ಸಮಯ ಇಳಿಯಲಿಲ್ಲ ಅಂದರೆ ಯಾವ ಕಾರ್ಡ್ ತಂದರೂ ಇಳಿಯುವುದಿಲ್ಲ.

ಎರಡು ಎಚ್ಚರ. ರ‍್ಯಾಮ್ ಸಾಲದಿದ್ದರೆ ಟಿಎಂಪಿಎಫ್‌ಎಸ್‌ನಲ್ಲಿರುವುದು ಸ್ವಾಪ್‌ಗೆ (ರ‍್ಯಾಮ್ ತುಂಬಿದಾಗ ಬಳಸುವ ಡಿಸ್ಕ್ ಜಾಗ) ಹೋಗುತ್ತದೆ, ಡಿಸ್ಕ್ ತಪ್ಪಿಸಲು ಹೋಗಿ ಡಿಸ್ಕಿಗೇ ಬಂದು ಬಿದ್ದ ಹಾಗೆ. ಇನ್ನೊಂದು, ಒಮ್ಮೆ ಓದಿದ ಫೈಲುಗಳು ಖಾಲಿ ರ‍್ಯಾಮ್‌ನಲ್ಲಿ ಕ್ಯಾಶ್ ಆಗಿ ಕೂತಿರುತ್ತವೆ. ಅಂದರೆ ಎರಡನೇ ಬಿಲ್ಡ್ ಹೊತ್ತಿಗೆ ನಿಮಗೆ ಗೊತ್ತಿಲ್ಲದೇ ಅರ್ಧ ರ‍್ಯಾಮ್ ಡಿಸ್ಕ್ ಸಿಕ್ಕಿರುತ್ತದೆ. ಬೂಟ್ ಆದ ಮೇಲಿನ ಮೊದಲ ಬಿಲ್ಡ್, ಎರಡನೆಯದು, ಎರಡನ್ನೂ ಬರೆದಿಡಿ.

ಸವೆತದ ಭಯಕ್ಕೆ: ಸ್ಮಾರ್ಟ್ ಡೇಟಾ (ಡ್ರೈವ್ ತನ್ನ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆದು ಇಲ್ಲಿವರೆಗೆ ಎಷ್ಟು ಟಿಬಿ ಬರೆದಿದ್ದೀರಿ ನೋಡಿ. ಕಂಪನಿ ಹೇಳುವ ಟಿಬಿಡಬ್ಲ್ಯೂ (ಒಟ್ಟು ಎಷ್ಟು ಟಿಬಿ ಬರೆಯಬಹುದು ಅನ್ನುವ ಮಿತಿ) ಜೊತೆ ಹೋಲಿಸಿ. ನನ್ನದರಲ್ಲಿ ನಾಲ್ಕು ವರ್ಷಕ್ಕೆ ಕಾಲು ಭಾಗವೂ ಆಗಿಲ್ಲ.

ಸರ್ವರ್ ಕಾಯುವವ:
ಒಂದು ಕಡೆ ಹಾರ್ಡ್‌ವೇರೇ ಬೇಕು. ಬರೆದದ್ದು ಗಟ್ಟಿ ಉಳಿಯಿತು ಅಂತ ಖಾತ್ರಿ ಆದ ಮೇಲೇ ಮುಂದಿನ ಹೆಜ್ಜೆ ಇಡುವ ಕೆಲಸಕ್ಕೆ. ಡೇಟಾಬೇಸ್ ಲಾಗ್, ಝಡ್‌ಎಫ್‌ಎಸ್ ಫೈಲ್ ಸಿಸ್ಟಂನ ಎಸ್‌ಲಾಗ್ (ಬರಹದ ಲಾಗ್‌ಗೆಂದೇ ಇಡುವ ಪ್ರತ್ಯೇಕ ಡ್ರೈವ್) ಥರದ್ದು. ಕರೆಂಟ್ ಹೋದ ಕೂಡಲೇ ಕೆಪಾಸಿಟರ್ ಚಾರ್ಜಿನಲ್ಲೇ ರ‍್ಯಾಮ್‌ನಲ್ಲಿದ್ದದ್ದನ್ನು ಫ್ಲ್ಯಾಶ್‌ಗೆ ಇಳಿಸುವ ಕಾರ್ಡುಗಳು ಇರುವುದು ಅದಕ್ಕೇ. ನಾನು ಅಲ್ಲಿ ಕರೆಂಟ್ ಹೋದರೂ ಡೇಟಾ ಉಳಿಯುವ ಇಂಟೆಲ್ ಆಪ್ಟೇನ್ ಡ್ರೈವ್ ಬಳಸುತ್ತೇನೆ. 2022ರಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು, ನನಗಂತೂ ಬೇಜಾರು. ಕಂಪೈಲ್‌ಗೆ ಇದೆಲ್ಲ ಬೇಡ್ರೀ.

ಬಿಲ್ಡ್ ಬಳಲಿಕೆ:
ಸಾಟಾಗಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದರೆ? ಕೆಲವದರ ಡಬ್ಬದ ಮೇಲೆ ಸೆಕೆಂಡಿಗೆ 7000 ಎಂಬಿ ಅಂತ ಇದೆ.

ಹಳೇ ಕೀಬೋರ್ಡ್:
ಅದು ದೊಡ್ಡ ಫೈಲನ್ನು ಒಂದೇ ಸಮ ಓದುವಾಗಿನ ಲೆಕ್ಕ. 4 ಕೆಬಿ ತುಂಡುಗಳನ್ನು ಒಂದಾದ ಮೇಲೊಂದು ಓದಿಸಿ ನೋಡಿ, ನೂರರ ಒಳಗೇ ಉಳಿದರೆ ಆಶ್ಚರ್ಯ ಬೇಡ. ಆದರೂ ಹಾಕಿಸಿ, ಮುಂದೆ ಬೇಕೇ ಬೇಕು. ಮೊದಲು ಅವರು ಹೇಳಿದ ಹಾಗೆ ಅಳೆಯಿರಿ.

ಬಿಲ್ಡ್ ಬಳಲಿಕೆ:
ಅಳೆದೆ. ಎಸ್‌ಎಸ್‌ಡಿಯಲ್ಲಿ ಬೂಟ್ ಆದ ಮೇಲಿನ ಮೊದಲ ಬಿಲ್ಡ್ 11 ನಿಮಿಷ 6 ಸೆಕೆಂಡ್. ಎರಡನೆಯದು 10:41. ಟಿಎಂಪಿಎಫ್‌ಎಸ್‌ನಲ್ಲಿ 10:33. ಎಂಟು ಸೆಕೆಂಡ್! ಎಂಟು ಕೋರೂ ನೂರಕ್ಕೆ ನೂರು ಓಡುತ್ತಿದ್ದವು. ಕೊನೆಗೆ ಲಿಂಕ್ ಮಾಡುವಾಗ (ಆಬ್ಜೆಕ್ಟ್ ಫೈಲುಗಳನ್ನೆಲ್ಲ ಒಂದು ಪ್ರೋಗ್ರಾಂ ಆಗಿ ಜೋಡಿಸುವಾಗ) ಮಾತ್ರ ಒಂದೇ ಕೋರ್ ಒದ್ದಾಡುತ್ತಿತ್ತು, ಉಳಿದ ಏಳು ಸುಮ್ನೆ ಕೂತಿದ್ದವು. ಅದಕ್ಕೇ ಎರಡೂವರೆ ನಿಮಿಷ. ಕಾರ್ಡ್ ಮಾರುವವರಿಗೆ ಬೇಡ ಅಂತ ಹೇಳಿದೆ. ಇನ್ನು ಲಿಂಕರ್ ಬದಲಾಯಿಸಿ ನೋಡಬೇಕು.

ಸುಮ್ನೆ ಅಳೆಯುವವ:
ಸಿಕ್ಯಾಶ್ (ಬದಲಾಗದ ಫೈಲನ್ನು ಮತ್ತೆ ಕಂಪೈಲ್ ಮಾಡದೆ ಹಳೇ ಫಲಿತಾಂಶವನ್ನೇ ಕೊಡುವ ಟೂಲ್) ಹಾಕಿದ್ದೀರಿ ತಾನೇ?

ಬಿಲ್ಡ್ ಬಳಲಿಕೆ:
ಹಾಕಿಲ್ಲ.