'ಎಡ್ಜ್ ಕೇಸ್'ಗೆ 'ಅಂಚಿನ ಪ್ರಕರಣ' ಒಪ್ಪುತ್ತದಾ?

ಗೆಳೆಯರೇ,

ಸಿ ಭಾಷೆಯಲ್ಲಿ ಮೆಮೊರಿ ಕೇಳಿ ಪಡೆಯುವ ಕೋಡನ್ನು ಟೆಸ್ಟ್ ಮಾಡುವ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ.

ಮೊದಲನೆಯದು 'ಎಡ್ಜ್ ಕೇಸ್', ಅಂದರೆ ಕೋಡ್ ಎಡವಬಹುದಾದ ಅಪರೂಪದ ಸಂದರ್ಭ. 'ಅಂಚಿನ ಪ್ರಕರಣ' ಅಂತ ಬರೆದು ನೋಡಿದೆ, ಸುಮ್ನೆ ಪೊಲೀಸ್ ಸ್ಟೇಷನ್ ನೆನಪಾಯಿತು. 'ಪ್ರಕರಣ' ಬಿಡೋಣ, 'ಅಂಚು' ಕೂಡ ಎಲ್ಲ ಕಡೆ ಕೂರುವುದಿಲ್ಲ. ಮೆಮೊರಿ ಕೊಡಿಸುವ ಫಂಕ್ಷನ್ ಮ್ಯಾಲಕ್‌ಗೆ ಸೊನ್ನೆ ಬೈಟ್ ಕೇಳಿದರೆ ನಲ್ (ಯಾವ ಜಾಗವನ್ನೂ ತೋರಿಸದ ಖಾಲಿ ವಿಳಾಸ) ಬರಬಹುದು, ಇಲ್ಲವೇ ಜಾಗ ಮರಳಿಸುವ ಫಂಕ್ಷನ್ ಫ್ರೀಗೆ ಕೊಡಬಹುದಾದ ಆದರೆ ಓದಲೂ ಬರೆಯಲೂ ಬಾರದ ಒಂದು ವಿಳಾಸ ಬರಬಹುದು, ಸಿ ಭಾಷೆಯ ಸ್ಟ್ಯಾಂಡರ್ಡ್ ಎರಡಕ್ಕೂ ಸೈ ಅನ್ನುತ್ತದೆ. ಇದು ಅಂಚೇ, ಅದರ ಕೆಳಗೆ ಜಾಗವೇ ಇಲ್ಲ. 10 ಬೈಟಿನ ಪದಕ್ಕೆ 10 ಬೈಟೇ ಪಡೆದು, ಪದ ಮುಗಿಯಿತು ಅಂತ ಗುರುತಿಸುವ ಕೊನೆಯ ಸೊನ್ನೆಗೆ ಹನ್ನೊಂದನೆಯದು ಬೇಕು ಅನ್ನೋದನ್ನು ಮರೆಯುವುದೂ ಅಂಚೇ. (ಕನ್ನಡ ಪದವಾದರೆ ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ 'ಕ' ಒಂದಕ್ಕೇ 3 ಬೈಟ್, ಅದು ಬೇರೆ ತಲೆನೋವು.)

ಆದರೆ ಪಡೆದ ಜಾಗದ ಅಳತೆ ಬದಲಿಸುವ ಫಂಕ್ಷನ್ ರಿಅಲಕ್ ಸೋತಾಗ? ಹಳೆಯ ಜಾಗ ಹಾಗೇ ಉಳಿದಿರುತ್ತದೆ, ಕೈಗೆ ನಲ್ ಬರುತ್ತದೆ. ಆ ನಲ್ಲನ್ನು ಹಳೆಯ ಪಾಯಿಂಟರಿಗೇ (ವಿಳಾಸ ಇಟ್ಟುಕೊಂಡ ವೇರಿಯಬಲ್ಲಿಗೇ) ತುಂಬಿಸಿದರೆ ವಿಳಾಸ ಹೋಯಿತು, ಮರಳಿಸಲಾಗದೆ ಜಾಗ ಸೋರಿತು. ಇದು ಯಾವ ಅಂಚಿನಲ್ಲೂ ಇಲ್ಲ, ದಾರಿ ನಡುವಿನ ಗುಂಡಿ. ಮೂರನೇ ಸಲ ಕೇಳಿದಾಗ ಬೇಕಂತಲೇ 'ಇಲ್ಲ' ಅನ್ನುವ ನಕಲಿ ರಿಅಲಕ್ ಕೂರಿಸಿ ಟೆಸ್ಟ್ ಮಾಡುತ್ತೇನೆ, ಇಲ್ಲದಿದ್ದರೆ ಈ ಗುಂಡಿ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಅಳತೆಯ ಕೊನೆಗಳಿಗೆ 'ಅಂಚು', ಇಂಥವಕ್ಕೆ 'ಎಡವುವ ಜಾಗ' ಅಂತ ಎರಡು ಮಾಡಿಕೊಂಡಿದ್ದೇನೆ. ಎರಡನ್ನೂ ಸೇರಿಸಿ ಕರೆಯುವ ಒಂದು ಪದ ಯಾರಿಗಾದರೂ ಹೊಳೆಯುತ್ತದಾ?

ಎರಡನೆಯದು 'ಅಲೊಕೇಶನ್', ಅಂದರೆ ಪ್ರೋಗ್ರಾಮಿಗೆ ಮೆಮೊರಿ ಕೊಡುವುದು. 'ಹಂಚಿಕೆ' ಜಾಸ್ತಿ ಬಳಕೆಯಲ್ಲಿದೆ, ನನಗೆ ಯಾಕೋ ಹಿಡಿಸುತ್ತಿಲ್ಲ. ಹಂಚಿಕೆ ಅಂದರೆ ಇದ್ದದ್ದನ್ನು ನಾಲ್ಕು ಜನಕ್ಕೆ ಪಾಲು ಮಾಡೋದು ಅಲ್ವಾ? ಇಲ್ಲಿ ಕೇಳುವವನು ಒಬ್ಬ, ಕೊಡುವುದು ಬಿಡುವುದು ಸಿಸ್ಟಮ್ಮಿನ ಇಷ್ಟ. 'ಮಂಜೂರು' ಚೆನ್ನಾಗಿ ಕೂರುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಂತೂ ಅಕ್ಷರಶಃ ಹಾಗೇ: ದೊಡ್ಡ ಜಾಗ ಕೇಳಿದರೆ ಸಾಮಾನ್ಯವಾಗಿ ವಿಳಾಸ ಸಿಕ್ಕಿಬಿಡುತ್ತದೆ, ನಿಜವಾದ ಮೆಮೊರಿ ಸಿಗುವುದು ಅಲ್ಲಿ ಬರೆಯಲು ಹೋದಾಗ, ಆಗ ಸಾಲದಿದ್ದರೆ ಪ್ರೋಗ್ರಾಮನ್ನೇ ಕೊಂದುಹಾಕಬಹುದು. ಮಂಜೂರಾಗಿದೆ, ಕೈಗೆ ಬಂದಿಲ್ಲ!

'ಮಂಜೂರು' ತೀರಾ ಕಚೇರಿ ಮಾತಾಯಿತು ಅನ್ನಿಸಿದರೆ ಹೇಳಿ. ಹಾಗೇ ಅದರ ಜೋಡಿಗೆ, 'ಫ್ರೀ'ಗೆ, 'ಮರಳಿಸು' ಸಾಕಾ, 'ಬಿಟ್ಟುಕೊಡು' ಬೇಕಾ?